ಗುತ್ತಿಗೆ ಮುಗಿಯುವ ನೆಲ: ಹಾಂಕಾಂಗ್ ಮಾತುಕತೆಯಲ್ಲಿ ಯಾವ ದಾರಿ, ಯಾರಿಗೆ, ಎಷ್ಟು ಬೆಲೆಗೆ

ಹಾಂಕಾಂಗ್‌ನ ಕೌಲೂನ್ ಭಾಗದಲ್ಲಿ ಬೌಂಡರಿ ಸ್ಟ್ರೀಟ್ ಎಂಬ ರಸ್ತೆಯಿದೆ. ಎರಡೂ ಬದಿಗೆ ಕಟ್ಟಡ, ಅಂಗಡಿ, ವಾಹನಗಳ ಸಾಲು. ಯಾವ ದೊಡ್ಡ ಊರಿನಲ್ಲಾದರೂ ಕಾಣುವಂಥ ರಸ್ತೆ. ಆದರೆ ಇದರ ದಕ್ಷಿಣಕ್ಕಿರುವ ನೆಲವನ್ನು ಚೀನಾ 1860ರ ಪೀಕಿಂಗ್ ಒಪ್ಪಂದದಲ್ಲಿ ಬ್ರಿಟನ್ನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತ್ತು. ಉತ್ತರಕ್ಕಿರುವುದು 1898ರಲ್ಲಿ 99 ವರ್ಷದ ಗುತ್ತಿಗೆಗೆ ಬಂದದ್ದು, ಅದೂ ಒಂದು ಕಾಸು ಬಾಡಿಗೆಯಿಲ್ಲದೆ. ಆ ಗುತ್ತಿಗೆ ಮುಗಿಯುವ ದಿನ 1997ರ ಜೂನ್ 30. ಒಂದೇ ಊರು, ಒಂದೇ ನಲ್ಲಿ ನೀರು, ಒಂದೇ ಬಸ್ಸು. ಕಾಗದ ಮಾತ್ರ ಎರಡು.

ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವವರು, ಕಾಲೇಜಿನ ಅಣಕು ಸಂಧಾನದಲ್ಲಿ ಬ್ರಿಟನ್ನಿನದೋ ಚೀನಾದ್ದೋ ಪಾತ್ರ ಸಿಕ್ಕವರು, ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ಇಂಥ ನೆಲದ ಬಗ್ಗೆ ಮಾತುಕತೆಗೆ ಕೂತಾಗ ಏನನ್ನು ಕೇಳಬೇಕು? ಅವಧಿ ವಿಸ್ತರಣೆಯನ್ನೇ? ಅರ್ಧ ಬಿಟ್ಟು ಅರ್ಧ ಇಟ್ಟುಕೊಳ್ಳುವುದನ್ನೇ? ಒಡೆತನ ಬಿಟ್ಟು ಆಡಳಿತ ಉಳಿಸಿಕೊಳ್ಳುವುದನ್ನೇ? ಎಲ್ಲ ಬಿಟ್ಟು ಬರೀ ಭರವಸೆ ಬರೆಸಿಕೊಳ್ಳುವುದನ್ನೇ? ಜನಮತಕ್ಕೆ ಬಿಡುವುದನ್ನೇ? ಕೆಳಗೆ ಇವನ್ನು ಒಂದೊಂದಾಗಿ ತೂಗಿ ನೋಡಿದ್ದೇನೆ. ಮುಖ್ಯ ಉದಾಹರಣೆ ಹಾಂಕಾಂಗ್. ಜೊತೆಗೆ ಪೋರ್ಚುಗಲ್ ಆಡಳಿತದಲ್ಲಿದ್ದ ಮಕಾವ್, ಪನಾಮಾ ಕಾಲುವೆ, ಕ್ಯೂಬಾದಲ್ಲಿ ಅಮೆರಿಕದ ಗುತ್ತಿಗೆಯಲ್ಲಿರುವ ಗ್ವಾಂಟನಾಮೊ, ಚೀನಾದಲ್ಲಿ ಬ್ರಿಟನ್ ಗುತ್ತಿಗೆಗೆ ಪಡೆದಿದ್ದ ವೈಹೈವೈ.

ಮೊದಲು ಅಳತೆಗೋಲು

ದಾರಿ ಆರಿಸುವ ಮೊದಲು ಐದು ವಿಷಯಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಮೊದಲನೆಯದು ಗಡುವು. ಅದು ಯಾರ ಕುತ್ತಿಗೆಗೆ ಬರುತ್ತದೆ? ಗುತ್ತಿಗೆ ಪತ್ರದಲ್ಲಿರುವ ದಿನಾಂಕ ನಿಜವಾದ ಗಡುವಲ್ಲ. ಹಾಂಕಾಂಗ್‌ನಲ್ಲಿ ಆಗ ಗೃಹಸಾಲದ ಅವಧಿ ಸಾಮಾನ್ಯವಾಗಿ 15 ವರ್ಷವಿತ್ತು. ನ್ಯೂ ಟೆರಿಟರೀಸ್ ಎಂಬ ಗುತ್ತಿಗೆ ಪ್ರದೇಶದಲ್ಲಿ ಸರ್ಕಾರ ಜನರಿಗೆ ಕೊಟ್ಟಿದ್ದ ಜಮೀನು ಪತ್ರಗಳು ಮುಖ್ಯ ಗುತ್ತಿಗೆಗಿಂತ ಮೂರು ದಿನ ಮೊದಲು, ಅಂದರೆ 1997ರ ಜೂನ್ 27ಕ್ಕೆ, ಮುಗಿಯುವಂತೆ ಬರೆದಿದ್ದವು. ಲೆಕ್ಕ ಹಾಕಿ: 1982 ದಾಟಿದ ಮೇಲೆ ಯಾವ ಬ್ಯಾಂಕಾದರೂ ಪೂರ್ತಿ ಅವಧಿಯ ಸಾಲವನ್ನು ಯಾವ ಧೈರ್ಯದ ಮೇಲೆ ಕೊಡಬೇಕು? ಹಾಗಾಗಿ ನಿಜವಾದ ಗಡುವು 1997 ಅಲ್ಲ, 1982.

ಎರಡನೆಯದು ಕಾಗದ. ಎದುರು ಪಕ್ಷದೊಡನೆ ಮಾಡಿಕೊಂಡ ಒಪ್ಪಂದವನ್ನಷ್ಟೇ ಅಲ್ಲ, ನಿಮ್ಮದೇ ದೇಶದ ಕಾನೂನನ್ನೂ ತೆಗೆದು ನೋಡಿ. ನ್ಯೂ ಟೆರಿಟರೀಸ್ ಮೇಲೆ ಅಧಿಕಾರ ನಡೆಸಲು ಬ್ರಿಟನ್ 1898ರಲ್ಲಿ ಹೊರಡಿಸಿದ ರಾಜಾಜ್ಞೆಯೇ ಆ ಅಧಿಕಾರವನ್ನು ಒಪ್ಪಂದದ ಅವಧಿಗೆ ಕಟ್ಟಿಹಾಕಿತ್ತು. ಚೀನಾ ಸುಮ್ಮನಿದ್ದರೂ 1997ರ ಜುಲೈ 1ರಂದು ಅಲ್ಲಿನ ಅಧಿಕಾರಿಗೆ ಬ್ರಿಟಿಷ್ ನ್ಯಾಯಾಲಯದ ಕಣ್ಣಿನಲ್ಲೇ ಅಧಿಕಾರ ಇರುತ್ತಿರಲಿಲ್ಲ. ಅಣಕು ಸಂಧಾನಕ್ಕೆ ಕೂರುವವರು ಹೆಚ್ಚಾಗಿ ಗಮನಿಸದೆ ಬಿಡುವುದು ಇದನ್ನೇ.

ಮೂರನೆಯದು, ನೆಲವನ್ನು ತುಂಡು ಮಾಡಿದರೆ ತುಂಡು ಬದುಕುತ್ತದೆಯೇ ಎಂಬುದು. ನಾಲ್ಕನೆಯದು, ಅಲ್ಲಿರುವ ಜನರ ಕೈಯಲ್ಲಿರುವ ಪಾಸ್‌ಪೋರ್ಟು, ಜಮೀನು ಪತ್ರ, ದುಡ್ಡು, ಈ ಮೂರೂ ಕೊನೆಯ ದಿನದ ಮಾರನೆಯ ಬೆಳಿಗ್ಗೆ ಚಲಾವಣೆಯಲ್ಲಿರುತ್ತವೆಯೇ ಎಂಬುದು. ಐದನೆಯದು, ಕೊಟ್ಟ ಮಾತು ತಪ್ಪಿದರೆ ಹೋಗಿ ಕೇಳಲು ಒಂದು ಬಾಗಿಲು ಇದೆಯೇ ಎಂಬುದು. ಕೊನೆಯ ಎರಡಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ರಾಜಧಾನಿಗಳಿಗೆ ಇದು ಮಾನ ಮರ್ಯಾದೆಯ ಪ್ರಶ್ನೆ. ಆಗ ಅಲ್ಲಿದ್ದ ಸುಮಾರು 50 ಲಕ್ಷ ಜನರಿಗೆ ಇದು ಮನೆ ಬಾಗಿಲಿನ ಪ್ರಶ್ನೆ.

ಸುಮ್ಮನಿದ್ದು ದಾಟಿಸುವುದು

ಅಗ್ಗವಾಗಿ ಕಾಣುವ ದಾರಿ ಇದು. ಒಪ್ಪಂದದ ಮಾತೆತ್ತದೆ, ಜಮೀನು ಪತ್ರಗಳಲ್ಲಿ ದಿನಾಂಕ ತೆಗೆದು ‘ಬ್ರಿಟಿಷ್ ಆಡಳಿತ ಇರುವವರೆಗೆ’ ಎಂದು ಬರೆದುಬಿಟ್ಟರೆ ಬ್ಯಾಂಕಿಗೂ ಸಮಾಧಾನ, ಚೀನಾಕ್ಕೂ ಮುಜುಗರವಿಲ್ಲ ಎಂಬುದು ಲೆಕ್ಕಾಚಾರ. ಗವರ್ನರ್ ಮರ್ರೆ ಮೆಕ್ಲಿಹೋಸ್ 1979ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಮುಂದೆ ಜಮೀನು ಪತ್ರಗಳ ವಿಷಯ ಎತ್ತಿದರು. ಹೂಡಿಕೆದಾರರು ನಿಶ್ಚಿಂತೆಯಿಂದಿರಲಿ ಎಂದು ಡೆಂಗ್ ಹೇಳಿ ಕಳಿಸಿದರೇ ಹೊರತು ಪತ್ರಗಳ ವಿಷಯಕ್ಕೆ ಒಪ್ಪಲಿಲ್ಲ. ಅದೇ ವರ್ಷ ಬ್ರಿಟನ್ ಲಿಖಿತವಾಗಿ ಮುಂದಿಟ್ಟ ಪ್ರಸ್ತಾವವೂ ತಿರಸ್ಕೃತವಾಯಿತು.

ಕೆಟ್ಟದ್ದು ಎಲ್ಲಿ? ‘ಇದು ಬರೀ ವ್ಯಾಪಾರದ ವಿಷಯ’ ಎಂದು ಕೇಳಿದ್ದನ್ನು ಎದುರಿನವರು ‘ಸಾರ್ವಭೌಮತ್ವದ ಪ್ರಶ್ನೆ’ ಎಂದು ಕೇಳಿಸಿಕೊಂಡರು. ಒಮ್ಮೆ ಕೇಳಿ ಇಲ್ಲ ಎನಿಸಿಕೊಂಡ ಮೇಲೆ ಕೇಳದವರಂತೆ ಇರಲು ಬರುವುದಿಲ್ಲ. ಈ ದಾರಿ ಬೇಕೆಂದರೆ ಕೇಳಲೇಬಾರದು. ಕೇಳದೆ ಇರಲು ಸ್ವಂತ ಕಾನೂನಿನಲ್ಲಿ ಗಡುವು ಇರಬಾರದು. ಹಾಂಕಾಂಗ್‌ಗೆ ಆ ಅನುಕೂಲ ಇರಲಿಲ್ಲ.

ಮೌನಕ್ಕೆ ಇನ್ನೊಂದು ಬೆಲೆಯೂ ಇದೆ. 1898ರ ಒಪ್ಪಂದದಲ್ಲಿ ಕೌಲೂನ್ ಕೋಟೆಯೊಳಗೆ ಚೀನೀ ಅಧಿಕಾರಿಗಳೇ ಇರಬಹುದು ಎಂಬ ಒಂದು ಕಲಮು ಇತ್ತು. ಮರುವರ್ಷವೇ ಬ್ರಿಟಿಷರು ಅವರನ್ನು ಹೊರಹಾಕಿದರು; ಚೀನಾ ಅದನ್ನು ಒಪ್ಪಲಿಲ್ಲ. ಯಾರ ಅಧಿಕಾರ ಎಂದು ಇತ್ಯರ್ಥವಾಗದೆ ಆ ಸಣ್ಣ ಜಾಗ ಯಾರ ಕಾನೂನೂ ಸರಿಯಾಗಿ ನಡೆಯದ, ಉಸಿರುಗಟ್ಟುವ ಕಟ್ಟಡಗಳ ಕೊಂಪೆಯಾಯಿತು. ಕೆಡವುವ ನಿರ್ಧಾರ ಹೊರಬಿದ್ದದ್ದು 1987ರಲ್ಲಿ, ಅಂದರೆ ಹಾಂಕಾಂಗ್ ಹಸ್ತಾಂತರದ 1984ರ ಒಪ್ಪಂದವಾದ ಜಂಟಿ ಘೋಷಣೆಗೆ ಎರಡೂ ಸರ್ಕಾರಗಳು ಸಹಿ ಹಾಕಿದ ಮೇಲೆ.

ಅವಧಿ ವಿಸ್ತರಣೆ

ಇನ್ನೊಂದಿಷ್ಟು ವರ್ಷ ಕೊಡಿ, ಬೇಕಿದ್ದರೆ ಬಾಡಿಗೆ ಕೊಡುತ್ತೇವೆ ಎನ್ನುವುದು. ಹಾಂಕಾಂಗ್‌ನಲ್ಲಿ ಇದು ಹುಟ್ಟುವ ಮೊದಲೇ ಸತ್ತ ಆಯ್ಕೆ. ಹಾಂಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟ 1842ರದು, ಜೊತೆಗೆ 1860, 1898ರವು, ಈ ಮೂರೂ ಒಪ್ಪಂದಗಳು ಬಲವಂತದಿಂದ ಬರೆಸಿಕೊಂಡ ಅಸಮಾನ ಒಪ್ಪಂದಗಳು, ಅವಕ್ಕೆ ಬೆಲೆಯಿಲ್ಲ ಎಂಬುದು ಚೀನಾದ ನಿಲುವು. ಹೊಸ ಗುತ್ತಿಗೆಗೆ ಸಹಿ ಹಾಕಿದರೆ ಹಳೆಯದನ್ನು ಒಪ್ಪಿಕೊಂಡಂತೆ. ನೀವು ಎಷ್ಟು ಬಾಡಿಗೆ ಕೊಡುತ್ತೀರಿ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಗ್ವಾಂಟನಾಮೊ ಕೊಲ್ಲಿಯದು ಇದರ ಇನ್ನೊಂದು ತುದಿ. 1903ರ ಗುತ್ತಿಗೆಯನ್ನು 1934ರ ಒಪ್ಪಂದ ಮುಂದುವರಿಸಿತು: ಎರಡೂ ಕಡೆಯವರು ಒಪ್ಪಿದರೆ ಅಥವಾ ಅಮೆರಿಕ ತಾನಾಗಿ ಬಿಟ್ಟುಹೋದರೆ ಮಾತ್ರ ಅದು ಮುಗಿಯುತ್ತದೆ. ವರ್ಷಕ್ಕೆ 4,085 ಡಾಲರ್ ಬಾಡಿಗೆ. ಕ್ರಾಂತಿಯ ಬಳಿಕ ಕ್ಯೂಬಾ ನಗದು ಮಾಡಿಸಿಕೊಂಡದ್ದು 1959ರ ಒಂದು ಚೆಕ್ ಮಾತ್ರ. ನೆಲಕ್ಕೆ ಸೈನಿಕ ಕಾವಲು ಇಟ್ಟುಕೊಂಡು, ನೆರೆಯವರ ಹಗೆಯನ್ನು ಎಂದೆಂದಿಗೂ ಹೊರಲು ಸಿದ್ಧವಿರುವ ಬಲಾಢ್ಯನಿಗೆ ಮಾತ್ರ ಒಗ್ಗುವ ದಾರಿ. ನಾಗರಿಕರು ಬದುಕಿ ವ್ಯಾಪಾರ ಮಾಡುವ ಊರಿಗೆ ಒಗ್ಗದು.

ಗುತ್ತಿಗೆಯದನ್ನು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದು

ಕಾನೂನು ಪುಸ್ತಕ ಮಾತ್ರ ಓದಿದವರಿಗೆ ಇದೇ ಸರಿ ಅನಿಸುತ್ತದೆ. ಹಾಂಕಾಂಗ್ ದ್ವೀಪ 1842ರಿಂದ, ಕೌಲೂನ್ ಮೊನೆ 1860ರಿಂದ ಬ್ರಿಟನ್ನಿನ ಶಾಶ್ವತ ಆಸ್ತಿ. ಉಳಿದದ್ದನ್ನು ಹೇಳಿದ ದಿನ ಹಿಂತಿರುಗಿಸಿದರಾಯಿತು. 1982ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ಗೆ ಬಂದ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಅರ್ಜೆಂಟೀನಾ ವಿರುದ್ಧ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧ ಗೆದ್ದ ಹುಮ್ಮಸ್ಸಿನಲ್ಲಿ, ಒಪ್ಪಂದಗಳು ಊರ್ಜಿತ ಎಂದೇ ವಾದಿಸಿದರು.

ನಕ್ಷೆ ಬಿಡಿಸಿ ನೋಡಿ. ಗುತ್ತಿಗೆಯ ಭಾಗ ಒಟ್ಟು ನೆಲದ ಹತ್ತರಲ್ಲಿ ಒಂಬತ್ತು ಪಾಲು. ಪ್ಲವರ್ ಕೋವ್, ಹೈ ಐಲ್ಯಾಂಡ್ ಎಂಬ ದೊಡ್ಡ ಜಲಾಶಯಗಳು ಅಲ್ಲಿವೆ. ಕ್ವಾಯ್ ಚುಂಗ್‌ನ ಕಂಟೇನರ್ ಬಂದರು ಅಲ್ಲಿದೆ. ಆಗಿನ ಕಾಯ್ ಟಾಕ್ ವಿಮಾನ ನಿಲ್ದಾಣವೂ ಬೌಂಡರಿ ಸ್ಟ್ರೀಟಿನ ಉತ್ತರಕ್ಕೇ ಇತ್ತು. ಅದೂ ಸಾಲದೆ 1965ರಿಂದ ಗುವಾಂಗ್‌ಡಾಂಗ್ ಪ್ರಾಂತದ ಡಾಂಗ್‌ಜಿಯಾಂಗ್ ನದಿಯ ನೀರು ಕೊಳವೆಯಲ್ಲಿ ಹಾಂಕಾಂಗ್‌ಗೆ ಬರುತ್ತಿತ್ತು. ನೀರು, ಬಂದರು, ರನ್‌ವೇ ಮೂರನ್ನೂ ಎದುರಿನವರಿಗೆ ಒಪ್ಪಿಸಿ ಒಂದು ಗುಡ್ಡದ ದ್ವೀಪ ಇಟ್ಟುಕೊಂಡು ಏನು ಮಾಡುವುದು? ಫಾಕ್‌ಲ್ಯಾಂಡಿಗೂ ಇದಕ್ಕೂ ಇದ್ದ ವ್ಯತ್ಯಾಸ ಇದೇ: ಇಲ್ಲಿ ಎದುರಾಳಿ ಒಂದು ಗುಂಡೂ ಹಾರಿಸಬೇಕಾಗಿರಲಿಲ್ಲ.

ಹಾಗೆಂದು ಈ ವಾದವನ್ನು ಪೂರ್ತಿ ಬಿಸಾಡಬೇಡಿ. ಅದು ಗುರಿಯಾಗಿ ನಿಷ್ಪ್ರಯೋಜಕ, ಚೌಕಾಶಿಗೆ ಉಪಯುಕ್ತ. ‘ನಮ್ಮದೆಂದು ಬರೆದುಕೊಟ್ಟದ್ದನ್ನೂ ಬಿಡುತ್ತೇವೆ, ಬದಲಿಗೆ ಏನು ಕೊಡುತ್ತೀರಿ’ ಎಂದು ಕೇಳಲು ಕೈಯಲ್ಲಿ ಅದೊಂದು ಇಸ್ಪೀಟಿನ ಎಲೆ ಇರಬೇಕು. ಆದರೆ ಜನರ ಮುಂದೆ ಗಟ್ಟಿಯಾಗಿ ಆಡಿದರೆ ಎಲೆ ಸೋತಂತೆ. ಎದುರಿನವರಿಗೆ ಮುಖ ಉಳಿಸಿಕೊಳ್ಳಲು ಜಾಗ ಉಳಿಯುವುದಿಲ್ಲ.

ಒಡೆತನ ಅವರಿಗೆ, ಆಡಳಿತ ನಮಗೆ

ಬ್ರಿಟನ್ ಹೆಚ್ಚು ಸಮಯ ಸುರಿದದ್ದು ಈ ದಾರಿಗೆ. 1983ರ ಮಾರ್ಚ್‌ನಲ್ಲಿ ಥ್ಯಾಚರ್ ಚೀನಾದ ಪ್ರಧಾನಿ ಜಾವೊ ಜಿಯಾಂಗ್‌ಗೆ ಪತ್ರ ಬರೆದು, ಹಾಂಕಾಂಗ್ ಜನರಿಗೆ ಒಪ್ಪಿಗೆಯಾಗುವ ವ್ಯವಸ್ಥೆ ಸಿಕ್ಕರೆ ಸಾರ್ವಭೌಮತ್ವ ಹಸ್ತಾಂತರವನ್ನು ಸಂಸತ್ತಿಗೆ ಶಿಫಾರಸು ಮಾಡಲು ಸಿದ್ಧ ಎಂದ ಮೇಲೆ ಜುಲೈ 12ಕ್ಕೆ ವಿಧ್ಯುಕ್ತ ಮಾತುಕತೆ ಶುರುವಾಯಿತು. ಬ್ರಿಟನ್ನಿನ ಆಸೆ: ಬಾವುಟ ಬದಲಾಗಲಿ, ಕಚೇರಿ ನಮ್ಮದೇ ಇರಲಿ.

ಬೆಂಗಳೂರಿನವರಿಗೆ ಇದು ಪರಿಚಿತ ವ್ಯವಸ್ಥೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರು ದಂಡು ಪ್ರದೇಶವನ್ನು ತಮ್ಮ ಆಡಳಿತದಲ್ಲೇ ಇಟ್ಟುಕೊಂಡರು. ನೆಲ ಮೈಸೂರಿನದು, ಅಧಿಕಾರ ಬ್ರಿಟಿಷರದು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ. ಅಷ್ಟು ಕಾಲ ಅದು ನಡೆದದ್ದು ಆಡಳಿತಗಾರ ಒಡೆಯನಿಗಿಂತ ಬಲಶಾಲಿಯಾಗಿದ್ದುದರಿಂದ. ಹಾಂಕಾಂಗ್‌ನಲ್ಲಿ ಬಲಾಬಲ ತಿರುಗುಮುರುಗಾಗಿತ್ತು. ಮಕಾವ್‌ನಲ್ಲೂ ಇಂಥದ್ದೇ ವಿಭಜನೆ ಇತ್ತು: 1979ರಲ್ಲಿ ಪೋರ್ಚುಗಲ್ ಮತ್ತು ಚೀನಾ ಅದನ್ನು ‘ಪೋರ್ಚುಗಲ್ ಆಡಳಿತದಲ್ಲಿರುವ ಚೀನೀ ನೆಲ’ ಎಂದು ಒಪ್ಪಿಕೊಂಡವು. ಅದು ನಡೆದದ್ದು ಬೀಜಿಂಗ್‌ಗೆ ಇಷ್ಟವಿರುವ ತನಕ. 1999ರ ಡಿಸೆಂಬರ್ 20ಕ್ಕೆ ಮಕಾವ್ ಕೂಡ ಮರಳಿತು.

ಈ ದಾರಿಯನ್ನು ಜಗ್ಗಿ ಹಿಡಿದದ್ದಕ್ಕೆ ಬಿದ್ದ ದಂಡ ನೋಡಿ. 1983ರ ಸೆಪ್ಟೆಂಬರ್ ಸುತ್ತಿನ ಬಳಿಕ ಹೊರಬಂದ ಹೇಳಿಕೆಯಲ್ಲಿ ಎಂದಿನ ‘ಉಪಯುಕ್ತ, ರಚನಾತ್ಮಕ’ ಎಂಬ ಪದಗಳು ಇರಲಿಲ್ಲ. ಅಷ್ಟೇ ಸಾಕಾಯಿತು. ಸೆಪ್ಟೆಂಬರ್ 24ರ ಶನಿವಾರ ಹಾಂಕಾಂಗ್ ಡಾಲರ್ ಒಂದು ಅಮೆರಿಕನ್ ಡಾಲರಿಗೆ 9.60ರವರೆಗೆ ಕುಸಿಯಿತು, ಜನ ಅಕ್ಕಿ ಕೊಳ್ಳಲು ಅಂಗಡಿಗೆ ಮುಗಿಬಿದ್ದರು. ಅಕ್ಟೋಬರ್ 17ರಂದು ಸರ್ಕಾರ 7.80ರ ದರಕ್ಕೆ ನಾಣ್ಯವನ್ನು ಕಟ್ಟಿಹಾಕಿತು. ಕೆಲವೇ ವಾರಗಳಲ್ಲಿ ಬ್ರಿಟನ್ ಆಡಳಿತದ ಬೇಡಿಕೆಯನ್ನು ಕೈಬಿಟ್ಟಿತು. ಪಾಠ ನೇರವಾಗಿದೆ: ಈ ದಾರಿಗೆ ಹೋಗುವುದಾದರೆ ಮೊದಲು ನಾಣ್ಯ ಭದ್ರ ಮಾಡಿ, ಆಮೇಲೆ ಮೇಜಿಗೆ ಬನ್ನಿ. ಪ್ರತಿ ಸುತ್ತಿನ ಬಳಿಕ ಯಾವ ಪದಗಳು ಹೊರಬರುತ್ತವೆ ಎಂಬುದನ್ನೂ ಮೊದಲೇ ಎದುರಿನವರೊಂದಿಗೆ ಗೊತ್ತುಮಾಡಿಕೊಳ್ಳಿ.

ಜನಮತ

ನ್ಯಾಯವಾಗಿ ನೋಡಿದರೆ ಮೊದಲು ಬರಬೇಕಾದದ್ದು. ಬಾಗಿಲು ಮುಚ್ಚಿದ್ದು ಮಾತುಕತೆಗೆ ಹತ್ತು ವರ್ಷ ಮೊದಲು. 1972ರಲ್ಲಿ ಚೀನಾದ ಕೋರಿಕೆಯಂತೆ ವಿಶ್ವಸಂಸ್ಥೆ ಹಾಂಕಾಂಗ್, ಮಕಾವ್ ಎರಡನ್ನೂ ವಸಾಹತುಗಳ ಪಟ್ಟಿಯಿಂದ ತೆಗೆದುಹಾಕಿತು. ಸ್ವನಿರ್ಣಯದ ಹಕ್ಕು ಕೇಳಲು ಇದ್ದ ವೇದಿಕೆಯೇ ಹೋಯಿತು. ಮಾತುಕತೆಯಲ್ಲಿ ಹಾಂಕಾಂಗ್‌ಗೆ ಬೇರೆ ಕುರ್ಚಿ ಬೇಡ ಎಂದು ಚೀನಾ ಪಟ್ಟು ಹಿಡಿಯಿತು. ಗವರ್ನರ್ ಎಡ್ವರ್ಡ್ ಯೂಡ್ ತಾವು ಹಾಂಕಾಂಗ್ ಜನರನ್ನು ಪ್ರತಿನಿಧಿಸುತ್ತೇವೆ ಎಂದಾಗ, ಅವರು ಬ್ರಿಟಿಷ್ ನಿಯೋಗದ ಸದಸ್ಯರು ಮಾತ್ರ ಎಂಬ ಉತ್ತರ ಬಂತು. 1984ರಲ್ಲಿ ಕರಡು ಸಿದ್ಧವಾದ ಮೇಲೆ ಜನಾಭಿಪ್ರಾಯ ಸಂಗ್ರಹಿಸಲು ಒಂದು ಕಚೇರಿ ತೆರೆದರು ನಿಜ, ಆದರೆ ತಿದ್ದುಪಡಿಗೆ ಅವಕಾಶವಿರಲಿಲ್ಲ: ಇದು ಅಥವಾ ಏನೂ ಇಲ್ಲ. ಮನೆಯವರನ್ನು ಹೊರಗೆ ಕೂರಿಸಿ ಮನೆ ಪಾಲು ಮಾಡಿದಂತಾಯಿತು.

ಬೇರೆ ನೆಲದ ವಿಷಯದಲ್ಲಿ ಪಟ್ಟಿಯ ಬಾಗಿಲು ತೆರೆದಿದ್ದರೆ ಈ ದಾರಿಗೆ ನಿಜವಾದ ಬೆಲೆಯಿದೆ. ಮೊದಲು ಅದನ್ನು ಪರೀಕ್ಷಿಸಿ.

ಪೂರ್ತಿ ಹಸ್ತಾಂತರ, ಬರೆದುಕೊಟ್ಟ ಭರವಸೆ

ಕೊನೆಗೆ ಆದದ್ದು ಇದು. 22 ಸುತ್ತುಗಳ ಬಳಿಕ 1984ರ ಡಿಸೆಂಬರ್ 19ರಂದು ಥ್ಯಾಚರ್ ಮತ್ತು ಜಾವೊ ಜಿಯಾಂಗ್ ಜಂಟಿ ಘೋಷಣೆಗೆ ಸಹಿ ಹಾಕಿದರು. 1985ರಲ್ಲಿ ಅದನ್ನು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿದರು. ಎಂಟು ಪ್ಯಾರಾ, ಮೂರು ಅನುಬಂಧ. ವಿಶೇಷ ಆಡಳಿತ ಪ್ರದೇಶ, ಸ್ವಂತ ನ್ಯಾಯಾಲಯ, ಸ್ವಂತ ನಾಣ್ಯ, 50 ವರ್ಷ ಬದಲಾಗದ ಜೀವನ ಪದ್ಧತಿ.

ಇದನ್ನು ಆರಿಸುವವರು ಮೂರನೆಯ ಅನುಬಂಧವನ್ನು ಮೊದಲು ಓದಬೇಕು. ಅದು ಜಮೀನಿನದು. 1997 ದಾಟುವ ಗುತ್ತಿಗೆಗಳನ್ನು 2047ರ ಜೂನ್ 30ರವರೆಗೆ ಕೊಡಬಹುದು; ಹಳೆಯವನ್ನು ವಿಸ್ತರಿಸುವಾಗ ಹೆಚ್ಚುವರಿ ಶುಲ್ಕವಿಲ್ಲ, ಆದರೆ ವಾರ್ಷಿಕ ಬಾಡಿಗೆ ಆಸ್ತಿಯ ತೆರಿಗೆ ಮೌಲ್ಯದ ಶೇ. 3, ಹಸ್ತಾಂತರದವರೆಗೆ ವರ್ಷಕ್ಕೆ 50 ಹೆಕ್ಟೇರ್‌ಗಿಂತ ಹೆಚ್ಚು ಹೊಸ ಜಮೀನು ಹಂಚುವಂತಿಲ್ಲ, ಅದರ ಆದಾಯ, ಖರ್ಚು ಕಳೆದು, ಆಗಿನ ಬ್ರಿಟಿಷ್ ಹಾಂಕಾಂಗ್ ಸರ್ಕಾರಕ್ಕೂ ಮುಂದೆ ಬರುವ ಸರ್ಕಾರಕ್ಕೂ ಸಮಪಾಲು. ದಿನಾಂಕ, ಶೇಕಡಾ, ಹೆಕ್ಟೇರ್, ಎಲ್ಲ ಇದೆ. ಈ ಭಾಗ ಮುರಿಯಲಿಲ್ಲ. 2047 ದೂರವಿರುವಾಗಲೇ, 2024ರಲ್ಲಿ, ಗುತ್ತಿಗೆಗಳನ್ನು ಇನ್ನೂ 50 ವರ್ಷ ವಿಸ್ತರಿಸುವ ಕಾನೂನನ್ನು ಹಾಂಕಾಂಗ್ ಮಾಡಿತು.

ಈಗ ಚುನಾವಣೆಯ ಸಾಲು ನೋಡಿ. ಶಾಸನಸಭೆ ‘ಚುನಾವಣೆಯ ಮೂಲಕ’ ರಚನೆಯಾಗಬೇಕು ಎಂದಿದೆ. ಯಾರು ಮತದಾರರು, ಎಷ್ಟು ಸ್ಥಾನ ನೇರ ಆಯ್ಕೆ, ಏನೂ ಇಲ್ಲ. 1992ರಲ್ಲಿ ಗವರ್ನರ್ ಕ್ರಿಸ್ ಪ್ಯಾಟನ್ ಆ ಖಾಲಿ ಜಾಗವನ್ನು ತಮ್ಮ ರೀತಿಯಲ್ಲಿ ತುಂಬಲು ಹೋದರು, ಬೀಜಿಂಗ್ ಸಿಡಿಯಿತು. 1995ರಲ್ಲಿ ಆಯ್ಕೆಯಾದ ಸಭೆ 1997ರ ಜೂನ್ 30ರ ಮಧ್ಯರಾತ್ರಿಗೆ ಮುಗಿದು ಅದರ ಜಾಗಕ್ಕೆ ತಾತ್ಕಾಲಿಕ ಸಭೆ ಬಂತು. ಅಂಕಿ ಇದ್ದಲ್ಲಿ ಮಾತು ಉಳಿಯಿತು, ವಿಶೇಷಣ ಇದ್ದಲ್ಲಿ ಜಗಳ ಉಳಿಯಿತು.

ಇನ್ನೂ ದೊಡ್ಡ ಕೊರತೆ ಐದನೆಯ ಅಳತೆಯಲ್ಲಿದೆ. ಇಡೀ ಘೋಷಣೆಯಲ್ಲಿ ವಿವಾದ ಬಗೆಹರಿಸುವ ಕಲಮು ಇಲ್ಲ. ಮಧ್ಯಸ್ಥರಿಲ್ಲ, ನ್ಯಾಯಾಲಯವಿಲ್ಲ. ಇದ್ದ ಒಂದು ಜಂಟಿ ಸಂಪರ್ಕ ಸಮಿತಿಗೂ ಅಧಿಕಾರವಿರಲಿಲ್ಲ. 2000ದ ಜನವರಿ 1ಕ್ಕೆ ಅದೂ ಮುಗಿಯಿತು, ಭರವಸೆಗೆ ಇನ್ನೂ 47 ವರ್ಷ ಬಾಕಿ ಇರುವಾಗ. 2017ರಲ್ಲಿ ಚೀನಾದ ವಿದೇಶಾಂಗ ವಕ್ತಾರರು ಇದೊಂದು ಐತಿಹಾಸಿಕ ದಾಖಲೆ, ಈಗ ಪ್ರಾಯೋಗಿಕ ಮಹತ್ವವಿಲ್ಲ ಎಂದರು. 2020ರ ಜೂನ್ 30ರಂದು ಹಾಂಕಾಂಗ್‌ಗೆಂದು ಬೀಜಿಂಗ್ ಮಾಡಿದ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಗೆ ಬಂತು. ಘೋಷಣೆಯ ಉಲ್ಲಂಘನೆ ಎಂದು ಬ್ರಿಟನ್ ಹೇಳಿತು. ಹೇಳುವುದಕ್ಕಿಂತ ಮುಂದೆ ಹೋಗಲು ಆ ಕಾಗದದಲ್ಲಿ ಮೆಟ್ಟಿಲಿರಲಿಲ್ಲ. ಕೊನೆಗೆ ಉಳಿದದ್ದು ಪಾಸ್‌ಪೋರ್ಟಿನ ದಾರಿ: 2021ರ ಜನವರಿ 31ರಿಂದ ಹಾಂಕಾಂಗ್ ಜನರಿಗೆ ಬ್ರಿಟನ್ ಕೊಟ್ಟಿದ್ದ ಬ್ರಿಟಿಷ್ ನ್ಯಾಷನಲ್ ಓವರ್‌ಸೀಸ್ ಸ್ಥಾನಮಾನ ಇದ್ದವರಿಗೆ ಬ್ರಿಟನ್ನಿನಲ್ಲಿ ನೆಲೆಸುವ ವೀಸಾ.

ಪಾಸ್‌ಪೋರ್ಟಿನ ಮಾತು ಬಂದದ್ದರಿಂದ ಹಾಂಕಾಂಗ್‌ನಲ್ಲಿ ತಲೆಮಾರುಗಳಿಂದ ಇದ್ದ ಭಾರತೀಯ ಮೂಲದವರ ಪಾಡನ್ನು ಹೇಳದೆ ಮುಂದೆ ಹೋಗಲಾಗದು. ಚೀನೀ ಮೂಲದವರು ಚೀನಾದ ಪ್ರಜೆಗಳಾದರು. ಇವರ ಕೈಯಲ್ಲಿದ್ದದ್ದು ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿಲ್ಲದ ಬ್ರಿಟಿಷ್ ಪಾಸ್‌ಪೋರ್ಟು ಮಾತ್ರ. ಬೇರೆ ಪೌರತ್ವವಿಲ್ಲದ ಇಂಥವರಿಗೆ ಪೂರ್ಣ ಬ್ರಿಟಿಷ್ ಪೌರತ್ವದ ಕಾನೂನು ಬಂದದ್ದು 1997ರಲ್ಲಿ, ಗಡುವಿನ ಬಾಗಿಲಲ್ಲಿ. ಸಹಿಗೆ ಮೊದಲೇ ಆಗಬೇಕಾಗಿದ್ದ ಕೆಲಸ ಇದು.

ಕಂತಿನಲ್ಲಿ ಕೊಡುವುದು, ನೆಲೆ ಮಾತ್ರ ಉಳಿಸಿಕೊಳ್ಳುವುದು

ಪನಾಮಾ ಕಾಲುವೆಯ ಒಪ್ಪಂದಗಳಿಗೆ 1977ರಲ್ಲಿ ಸಹಿಯಾಯಿತು. 1979ರ ಅಕ್ಟೋಬರ್ 1ರಂದು ಕಾಲುವೆ ವಲಯ ರದ್ದಾಯಿತು, ಕಾಲುವೆ ಪನಾಮಾದ ಕೈಗೆ ಬಂದದ್ದು 1999ರ ಡಿಸೆಂಬರ್ 31ಕ್ಕೆ. ನಡುವಿನ ಇಪ್ಪತ್ತು ವರ್ಷ ಸ್ಥಳೀಯರ ಕೈಗೆ ಕೆಲಸ ದಾಟಿಸಲು ಸಿಕ್ಕಿತು. ಅಮೆರಿಕನ್ ಸೆನೆಟ್‌ನಲ್ಲಿ ಎರಡೂ ಒಪ್ಪಂದ ಗೆದ್ದದ್ದು 68-32ರಿಂದ, ಬೇಕಿದ್ದ ಮೂರನೇ ಎರಡು ಭಾಗಕ್ಕಿಂತ ಒಂದೇ ಮತ ಹೆಚ್ಚು. ಕಂತಿನ ದಾರಿಗೆ ಹೋಗುವವರು ಸ್ವಂತ ಸಂಸತ್ತಿನ ತಲೆ ಎಣಿಸಿಕೊಂಡೇ ಹೋಗಬೇಕು.

ಊರು ಬೇಡ, ಹಡಗು ನಿಲ್ಲಿಸಲು ಜಾಗ ಸಾಕು ಎನ್ನುವವರಿಗೆ ವೈಹೈವೈ ಮಾದರಿ ಇದೆ. ಬ್ರಿಟನ್ 1930ರ ಅಕ್ಟೋಬರ್ 1ರಂದು ಆ ಗುತ್ತಿಗೆ ನೆಲವನ್ನು ಚೀನಾಕ್ಕೆ ಮರಳಿಸಿ, ಲಿಯುಗಾಂಗ್ ದ್ವೀಪದ ನೌಕಾ ಸೌಲಭ್ಯವನ್ನು ಹತ್ತು ವರ್ಷಕ್ಕೆ ಪಡೆದುಕೊಂಡಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಚಾಗೋಸ್ ಒಪ್ಪಂದದ್ದೂ ಅದೇ ಜಾಡು: ದ್ವೀಪಗಳ ಒಡೆತನ ಮಾರಿಷಸ್‌ಗೆ, ಡಿಯೇಗೊ ಗಾರ್ಸಿಯಾ ನೆಲೆ 99 ವರ್ಷ ಬ್ರಿಟನ್ ಕೈಯಲ್ಲಿ, ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 101 ಮಿಲಿಯನ್ ಪೌಂಡ್ ಕೊಟ್ಟು. ಹಿಂದೆ ಅಲ್ಲಿಂದ ಎತ್ತಂಗಡಿಯಾದ ದ್ವೀಪವಾಸಿಗಳಿಗೆ ಈ ಮೇಜಿನಲ್ಲೂ ಕುರ್ಚಿ ಇರಲಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಬೇಕಿರುವುದು ನೆಲೆ ಮಾತ್ರ, ಕೈಯಲ್ಲಿ ದುಡ್ಡಿದೆ, ನಾಗರಿಕರು ಕಡಿಮೆ: ಒಡೆತನ ಮರಳಿಸಿ ನೆಲೆಯನ್ನು ಬಾಡಿಗೆಗೆ ಪಡೆಯಿರಿ. ಕಾಲಾವಕಾಶ ಹದಿನೈದು ಇಪ್ಪತ್ತು ವರ್ಷ ಇದೆ, ನಡೆಸಬೇಕಾದ ಯಂತ್ರ ದೊಡ್ಡದು: ಪನಾಮಾದಂತೆ ಕಂತು. ನೀರೂ ದಾರಿಯೂ ಎದುರಿನವರ ಕೈಯಲ್ಲಿವೆ, ಒಳಗೆ ಲಕ್ಷಾಂತರ ಜನ ಇದ್ದಾರೆ: ಪೂರ್ತಿ ಹಸ್ತಾಂತರವಲ್ಲದೆ ಬೇರೆ ದಾರಿಯಿಲ್ಲ, ಹಾಗಾಗಿ ಒಡೆತನಕ್ಕಾಗಿ ವರ್ಷ ಕಳೆಯದೆ ಅನುಬಂಧಗಳಿಗಾಗಿ ಹೋರಾಡಿ. ಬ್ರಿಟನ್ ಆಡಳಿತ ಉಳಿಸಿಕೊಳ್ಳಲು ಕಳೆದ ತಿಂಗಳುಗಳನ್ನು ಚುನಾವಣೆಯ ವಿವರಕ್ಕೂ ಮಧ್ಯಸ್ಥಿಕೆಯ ಕಲಮಿಗೂ ಕೊಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಜಿಂಗ್ ಒಪ್ಪುತ್ತಿತ್ತೋ ಇಲ್ಲವೋ, ಬೆಲೆ ಏರಿದ್ದ ಹೊತ್ತಿನಲ್ಲಿ ಕೇಳಬೇಕಾದದ್ದು ಅದನ್ನೇ.

ನೀವು ನೆಲದ ಒಡೆಯರ ಪಾತ್ರದಲ್ಲಿದ್ದರೆ ಗಡುವು ನಿಮ್ಮ ಕಡೆಗಿದೆ, ಅವಸರ ಬೇಡ. ಆದರೆ ಬ್ಯಾಂಕು, ಬಂದರು ಓಡಿಹೋದರೆ ನಿಮಗೆ ಸಿಗುವುದು ಖಾಲಿ ಗೋಡೆ. ಅದಕ್ಕೇ ಡೆಂಗ್ ಎರಡು ವರ್ಷದೊಳಗೆ ಇತ್ಯರ್ಥವಾಗಬೇಕು, ಆಗದಿದ್ದರೆ ತಾವೇ ಘೋಷಿಸುತ್ತೇವೆ ಎಂದು 1982ರಲ್ಲೇ ಹೇಳಿದ್ದು.

ಅಣಕು ಸಂಧಾನ ನಡೆಸುವ ಅಧ್ಯಾಪಕರು ಎರಡರ ಬದಲು ಮೂರು ತಂಡ ಮಾಡಿ. ಮೂರನೆಯದು ನಿವಾಸಿಗಳದು. ಕರಡು ಸಿದ್ಧವಾದ ಮೇಲಲ್ಲ, ಮೊದಲ ಸುತ್ತಿನಲ್ಲೇ ಅವರ ಕೈಗೆ ಮೂರು ಹಾಳೆ ಕೊಡಿ: ಒಂದು ಜಮೀನು ಪತ್ರ, ಒಂದು ಪಾಸ್‌ಪೋರ್ಟು, ಒಂದು ಹದಿನೈದು ವರ್ಷದ ಸಾಲದ ಪತ್ರ. ಪ್ರತಿ ಪ್ರಸ್ತಾವ ಬಂದಾಗಲೂ, ಗುತ್ತಿಗೆ ಮುಗಿದ ಮಾರನೆಯ ಬೆಳಿಗ್ಗೆ ಈ ಮೂರರಲ್ಲಿ ಯಾವುದು ಚಲಾವಣೆಯಲ್ಲಿರುತ್ತದೆ ಎಂದು ಅವರು ಕೇಳಲಿ. ಉಳಿದ ಎರಡು ತಂಡ ಕಲಮಿನ ಸಂಖ್ಯೆ ತೋರಿಸಿ ಉತ್ತರಿಸಲಿ.